ಲಿನಕ್ಸ್‌ಗೂ ಮ್ಯಾಕ್‌ಗೂ ಒಂದೇ ಸೂಚನೆ ಸಾಕಾ?

ಪ್ರಶ್ನೆ: ನಮ್ಮ ತಂತ್ರಾಂಶದ ಇನ್‌ಸ್ಟಾಲ್ ಸೂಚನೆ ಬರೆಯುತ್ತಿದ್ದೇನೆ. ವಿಂಡೋಸ್‌ಗೆ ಒಂದು ಭಾಗ, ಲಿನಕ್ಸ್ ಮತ್ತು ಮ್ಯಾಕ್‌ಗೆ ಸೇರಿಸಿ ಇನ್ನೊಂದು ಭಾಗ ಮಾಡಿದರೆ ಸಾಕಲ್ವಾ?

ಸಾಲದು. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಕಾರಣ ಸಮೇತ ಬರೆಯುತ್ತೇನೆ.

ವಿಂಡೋಸ್ ಭಾಗ ಬೇರೆ ಇಟ್ಟಿದ್ದು ಸರಿ. ಅಲ್ಲಿ ಕಮಾಂಡ್ ಟೈಪ್ ಮಾಡಲು ಕಮಾಂಡ್ ಪ್ರಾಂಪ್ಟ್, ಪವರ್‌ಶೆಲ್ ಅಂತ ಎರಡಿವೆ; ನೀವು ಕೊಡುವ ಸಾಲು ಯಾವುದಕ್ಕೆ ಅಂತ ಮಾತ್ರ ಮರೆಯದೆ ಹೇಳಿ. ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂಗಳು ಓದಿಕೊಳ್ಳುವ ಸೆಟ್ಟಿಂಗ್) ಇಡುವ ರೀತಿಯೇ ಎರಡರಲ್ಲೂ ಬೇರೆ.

ತೊಂದರೆ ಇರುವುದು ಇನ್ನೊಂದು ಭಾಗದಲ್ಲಿ. 'ಎರಡೂ ಯುನಿಕ್ಸ್ ಮನೆತನ, ಕಮಾಂಡ್ ಒಂದೇ' ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುವುದಿಲ್ಲ. ಕಮಾಂಡಿನ ಹೆಸರು ಒಂದೇ, ನಡತೆ ಬೇರೆ. ಫೈಲಿನೊಳಗಿನ ಪಠ್ಯ ತಿದ್ದುವ ಸೆಡ್ ಕಮಾಂಡನ್ನೇ ನೋಡಿ. ಫೈಲನ್ನು ಇದ್ದಲ್ಲೇ ತಿದ್ದಲು ಲಿನಕ್ಸ್‌ನಲ್ಲಿ ಮೈನಸ್ ಐ ಸಾಕು. ಮ್ಯಾಕ್‌ನ ಸೆಡ್ ಯುನಿಕ್ಸ್‌ನ ಇನ್ನೊಂದು ಕವಲಾದ ಬಿಎಸ್‌ಡಿ ಕಡೆಯದು. ಬ್ಯಾಕಪ್ ಫೈಲಿನ ಹೆಸರಿಗೆ ಯಾವ ಬಾಲ ಹಚ್ಚಬೇಕು ಅಂತ ಅದಕ್ಕೆ ಹೇಳಲೇಬೇಕು. ಹೇಳದಿದ್ದರೆ ನಿಮ್ಮ ತಿದ್ದುಪಡಿಯನ್ನೇ ಬಾಲ ಅಂದುಕೊಳ್ಳುತ್ತದೆ, ಫೈಲಿನ ಹೆಸರನ್ನು ಕಮಾಂಡ್ ಅಂತ ಓದುತ್ತದೆ. ಬಾಲ ಬೇಡ ಅಂತ ಖಾಲಿ ಕೋಟ್ಸ್ ಹಾಕಿದಿರೋ, ಈಗ ಲಿನಕ್ಸ್‌ನಲ್ಲಿ ಕೆಡುತ್ತದೆ! ಐ ಅಕ್ಷರಕ್ಕೆ ಅಂಟಿಸಿ ಡಾಟ್ ಬ್ಯಾಕ್ ಅಂತ ಬರೆದರೆ ಎರಡೂ ಕಡೆ ನಡೆಯುತ್ತದೆ.

ಶೆಲ್, ಅಂದರೆ ನೀವು ಟೈಪ್ ಮಾಡಿದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ, ಅದೂ ಒಂದೇ ಅಲ್ಲ. 2019ರಲ್ಲಿ ಬಂದ ಮ್ಯಾಕ್ ಆವೃತ್ತಿ ಕ್ಯಾಟಲಿನಾದಿಂದ ಅಲ್ಲಿನ ಡಿಫಾಲ್ಟ್ ಶೆಲ್ ಜೆಡ್‌ಶೆಲ್; ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬ್ಯಾಶ್. 'ಬ್ಯಾಶ್‌ಆರ್‌ಸಿ ಫೈಲಿಗೆ ಈ ಸಾಲು ಸೇರಿಸಿ' ಅಂದರೆ (ಅದು ಬ್ಯಾಶ್ ಓದುವ ಸೆಟ್ಟಿಂಗ್ ಫೈಲು, ಜೆಡ್‌ಶೆಲ್ ಓದುವುದಲ್ಲ) ಹೊಸಬರು ಪಾಪ ಸೇರಿಸುತ್ತಾರೆ, ಏನೂ ಆಗುವುದಿಲ್ಲ. ತಪ್ಪು ತಮ್ಮದೇ ಅಂದುಕೊಂಡು ಸುಮ್ಮನಾಗುತ್ತಾರೆ. ನನಗೆ ಜಾಸ್ತಿ ಬೇಸರ ತರುವುದು ಇದೇ. ಮ್ಯಾಕ್ ಜೊತೆ ಬರುವ ಬ್ಯಾಶ್ ಕೂಡ 3.2ರಲ್ಲೇ ನಿಂತಿದೆ. 4ನೇ ಆವೃತ್ತಿಯಲ್ಲಿ ಬಂದ ಅಸೋಸಿಯೇಟಿವ್ ಅರೇ (ಹೆಸರು ಕೊಟ್ಟು ಮೌಲ್ಯ ಇಡುವ ಪಟ್ಟಿ) ಅದಕ್ಕೆ ಗೊತ್ತೇ ಇಲ್ಲ.

ಇನ್ನು ಫೈಲಿನ ಹೆಸರು. ಮ್ಯಾಕ್‌ನ ಡಿಸ್ಕ್ ಸಾಮಾನ್ಯವಾಗಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಎರಡನ್ನೂ ಒಂದೇ ಅಂತ ನೋಡುತ್ತದೆ. ಲಿನಕ್ಸ್ ಹಾಗಲ್ಲ. ಮ್ಯಾಕ್‌ನಲ್ಲಿ ಚೆನ್ನಾಗಿ ಕಂಡ ಚಿತ್ರ ಲಿನಕ್ಸ್ ಸರ್ವರ್‌ಗೆ ಹೋದ ಮೇಲೆ ಮಾಯವಾಗುವುದು ಇದಕ್ಕೇ.

ಆದ್ದರಿಂದ ಮೂರು ಭಾಗ ಮಾಡಿ. ಪ್ರತಿ ಸಾಲನ್ನೂ ಆಯಾ ಯಂತ್ರದಲ್ಲೇ ಓಡಿಸಿ ನೋಡಿ. ನಿಜಕ್ಕೂ ಒಂದೇ ಇರುವ ಸಾಲನ್ನು ಮೂರು ಸಲ ಬರೆಯಬೇಕಿಲ್ಲ, ಮೇಲೆ ಒಮ್ಮೆ ಹೇಳಿದರೆ ಸಾಕು.

ನೀವು ಕೇಳಲಿಲ್ಲ, ಆದರೂ ಕೀಲಿಗಳ ಬಗ್ಗೆ ಒಂದು ಮಾತು. ಮ್ಯಾಕ್ ಓದುಗರಿಗೆ ಅಂತ 'ಕಂಟ್ರೋಲ್' ಇದ್ದಲ್ಲೆಲ್ಲ 'ಕಮಾಂಡ್' ಅಂತ ಬದಲಿಸಿಬಿಡಬೇಡಿ. ಕಾಪಿ ಮಾಡಲು ಅಲ್ಲಿ ಕಮಾಂಡ್-ಸಿ ಹೌದು. ಆದರೆ ಟರ್ಮಿನಲ್‌ನಲ್ಲಿ ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸಲು ಮ್ಯಾಕ್‌ನಲ್ಲೂ ಕಂಟ್ರೋಲ್-ಸಿ ಒತ್ತಬೇಕು.