ಪದ ಪರಿಚಯ: ಇಂಡೀ (ಲಿಂಬೆಯದಲ್ಲ, ಹಾಡಿನದು)

ವಿಜಯಪುರದಲ್ಲಿ ಚಹಾ ಕುಡಿಯುತ್ತಾ, ಈಗೀಗ ಇಂಡೀ ರಾಕ್ ಕೇಳುತ್ತಿದ್ದೇನೆ ಅಂದೆ. ಗೆಳೆಯ ತಟ್ಟನೆ ಕೇಳಿದ: "ಇಂಡ್ಯಾಗ ಗಿಟಾರ ಯಾರ್ ಬಾರಸ್ತಾರಲೇ?" ತಪ್ಪು ಅವನದಲ್ಲ. ನಮ್ಮ ಜಿಲ್ಲೆಯಲ್ಲಿ ಇಂಡಿ ಅಂದರೆ ತಾಲ್ಲೂಕು, ಜಿಐ ಟ್ಯಾಗ್ ಸಿಕ್ಕ ಲಿಂಬೆ. ಹಾಡಿನ ಇಂಡೀಗೆ ಕೊನೆಯಲ್ಲೊಂದು ದೀರ್ಘ, ಅಷ್ಟೇ.

ಇದು 'ಇಂಡಿಪೆಂಡೆಂಟ್' ಪದದ ಮೊಟಕು. ಸ್ವತಂತ್ರ ಸರಿ, ಯಾರಿಂದ? ದೊಡ್ಡ ರೆಕಾರ್ಡ್ ಕಂಪನಿಗಳಿಂದ. ಇವತ್ತಿನ ಲೆಕ್ಕದಲ್ಲಿ ಯೂನಿವರ್ಸಲ್, ಸೋನಿ, ವಾರ್ನರ್ ಎಂಬ ಮೂವರಿಂದ. ನಮ್ಮ ದೇಶದಲ್ಲಿ ಇನ್ನೊಂದು ಅರ್ಥವೂ ಅಂಟಿಕೊಂಡಿದೆ: ಸಿನಿಮಾದ್ದಲ್ಲದ ಹಾಡು.

ಮ್ಯಾಂಚೆಸ್ಟರ್‌ನ ಬಝ್‌ಕಾಕ್ಸ್ ಬ್ಯಾಂಡ್‌ನವರು ಬಂಧುಬಳಗದಲ್ಲಿ 500 ಪೌಂಡ್ ಕೈಗಡ ಎತ್ತಿ, ಸ್ವಂತ ಲೇಬಲ್ (ರೆಕಾರ್ಡ್ ಹೊರತರುವ ಸಂಸ್ಥೆ) ಮಾಡಿಕೊಂಡು, 1977ರ ಜನವರಿಯಲ್ಲಿ 1,000 ರೆಕಾರ್ಡ್ ಹೊರತಂದರು. ಬೇಗ ಖಾಲಿಯಾದವು. ಕಂಪನಿಯವರ ಬಾಗಿಲು ಕಾಯುವುದು ಬೇಡ ಅಂತ ಉಳಿದ ಹುಡುಗರಿಗೂ ಧೈರ್ಯ ಬಂತು. ಇಂಥ ರೆಕಾರ್ಡ್‌ಗಳು ಎಷ್ಟು ಜಾಸ್ತಿಯಾದವೆಂದರೆ 1980ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಇವಕ್ಕೇ ಪ್ರತ್ಯೇಕ ಚಾರ್ಟ್, ಅಂದರೆ ಹೆಚ್ಚು ಮಾರಾಟವಾದವುಗಳ ಪಟ್ಟಿ, ಶುರುವಾಯಿತು.

ಮಜಾ ಇರುವುದು ಇಲ್ಲಿ. ಆ ಚಾರ್ಟ್‌ನಲ್ಲಿ ಹಾಡಿನ ಧಾಟಿ ಯಾರಿಗೂ ಬೇಕಿರಲಿಲ್ಲ. ರೆಕಾರ್ಡನ್ನು ಅಂಗಡಿಗೆ ಮುಟ್ಟಿಸಿದವರು ದೊಡ್ಡ ಕಂಪನಿಯವರೋ, ಹೊರಗಿನವರೋ ಎಂಬುದೊಂದೇ ಪರೀಕ್ಷೆ. ಹಾಗಾಗಿ ಆಸ್ಟ್ರೇಲಿಯಾದ ಪಾಪ್ ಗಾಯಕಿ ಕೈಲೀ ಮಿನೋಗ್‌ಳ ಪಕ್ಕಾ ಡ್ಯಾನ್ಸ್ ಪಾಪ್ ಕೂಡ ಅದರ ತುದಿಗೇರಿತು! ಗಿಟಾರ್ ಪ್ರಿಯರು ಎಷ್ಟು ಉರಿದುಕೊಂಡರೋ. ಬರಬರುತ್ತಾ 'ಇಂಡೀ' ಅಂದರೆ ಒಂದು ಥರದ ಗಿಟಾರ್ ಸದ್ದು ಅಂತಲೇ ಆಯಿತು. ಈಗ ದೊಡ್ಡ ಕಂಪನಿಯ ಬ್ಯಾಂಡ್‌ಗೂ ಇಂಡೀ ಅನ್ನುತ್ತಾರೆ. ನನಗೇನೋ ಹಳೇ ಅರ್ಥವೇ ಸರಿ. ಆ ಲೆಕ್ಕದಲ್ಲಿ, ಜಾತ್ರೆಯಲ್ಲಿ ಹಾಡಿದ ಡೊಳ್ಳಿನ ಪದವನ್ನು ತಮ್ಮದೇ ಯೂಟ್ಯೂಬ್ ಚಾನೆಲ್‌ಗೆ ಹಾಕುವ ನಮ್ಮ ಮೇಳದವರೂ ಇಂಡೀಗಳೇ, ಅಲ್ವಾ? ರಾಕ್ ಅಲ್ಲ, ಆದರೆ ಇಂಡೀ.

ಹಾಗಾದರೆ ಹೊಸ ಬ್ಯಾಂಡ್ ಹುಡುಕುವುದು ಹೇಗೆ? ಹಾಡಿನ ಆ್ಯಪ್ ತಾನಾಗಿ ಬಡಿಸಿದ್ದನ್ನು ಸುಮ್ನೆ ಉಣ್ಣುತ್ತಾ ಕೂತರೆ ತಿಂದದ್ದೇ ಮತ್ತೆ ತಟ್ಟೆಗೆ ಬರುತ್ತದೆ. ಆಲ್ಬಂನ ಕೆಳಗೆ ವೃತ್ತದೊಳಗೆ 'ಪಿ' ಅಕ್ಷರವಿರುತ್ತದೆ. ಅದರ ಪಕ್ಕದ ಹೆಸರೇ ಆ ರೆಕಾರ್ಡಿಂಗ್‌ನ ಒಡೆಯ. ಅಲ್ಲಿ ಬ್ಯಾಂಡಿನ ಹೆಸರೇ ಇದ್ದರೆ ಬಹುಪಾಲು ಸ್ವಂತ ದುಡ್ಡಿನ ಕೆಲಸ. ಸಣ್ಣ ಲೇಬಲ್ ಹೆಸರಿದ್ದರೆ ಇನ್ನೂ ಒಳ್ಳೆಯದು, ಆ ಲೇಬಲ್‌ನ ಉಳಿದ ಬ್ಯಾಂಡ್‌ಗಳನ್ನೂ ಕೇಳಬಹುದು. 2008ರಲ್ಲಿ ಶುರುವಾದ, ಕಲಾವಿದರೇ ತಮ್ಮ ಹಾಡು ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಊರಿನ ಹೆಸರು ಹಾಕಿಯೂ ಹುಡುಕಬಹುದು. ಅಲ್ಲಿ ಆಲ್ಬಂ ಕೊಂಡರೆ ದುಡ್ಡಿನ ದೊಡ್ಡ ಪಾಲು ಹಾಡಿದವರಿಗೇ ಹೋಗುತ್ತದೆ.

ನನ್ನ ರೂಢಿ ಬೇರೆ. ಆಲ್ಬಂ ಜೊತೆಗಿನ ಥ್ಯಾಂಕ್ಸ್ ಪಟ್ಟಿ ಓದುತ್ತೇನೆ. ಆ್ಯಂಪ್ (ಗಿಟಾರ್ ಸದ್ದು ಹೆಚ್ಚಿಸುವ ಪೆಟ್ಟಿಗೆ) ಎರವಲು ಕೊಟ್ಟವರು, ಮನೆಯಲ್ಲಿ ಮಲಗಲು ಜಾಗ ಕೊಟ್ಟವರು ಅಂತ ಅಲ್ಲಿ ಇನ್ನೂ ನಾಲ್ಕು ಬ್ಯಾಂಡ್‌ಗಳ ಹೆಸರು ಸಿಗುತ್ತವೆ.