ಸಮುದಾಯ ಭವನದಲ್ಲಿ ಮಾತು ಏಕೆ ಕೇಳಿಸುವುದಿಲ್ಲ?

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿ ಕಾಣುವ ಸಮುದಾಯ ಭವನಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು: ಉದ್ದನೆಯ ಆಯತಾಕಾರದ ಹಜಾರ, ಒಂದು ತುದಿಯಲ್ಲಿ ವೇದಿಕೆ, ಸಿಮೆಂಟ್ ಗಿಲಾವಿನ ಗೋಡೆ, ನುಣುಪಾದ ಟೈಲ್ಸ್ ನೆಲ, ಮೇಲೆ ಚಪ್ಪಟೆ ಆರ್‌ಸಿಸಿ ತಾರಸಿ. ಮದುವೆ, ನಾಮಕರಣ, ಆರೋಗ್ಯ ತಪಾಸಣೆ ಶಿಬಿರಗಳಿಗೆ ಅವು ಒದಗಿಬರುತ್ತಿವೆ. ಅದು ಸಣ್ಣ ಉಪಕಾರವೇನಲ್ಲ. ಆದರೆ ಅಂಥ ಭವನದಲ್ಲಿ ಗ್ರಾಮಸಭೆ ನಡೆದಾಗ, ಮನೆ ಮಂಜೂರಾತಿಯ ಪಟ್ಟಿಯಲ್ಲಿ ತನ್ನ ಹೆಸರು ಏಕಿಲ್ಲವೆಂದು ಹಿಂದಿನ ಸಾಲಿನಿಂದ ಎದ್ದು ಕೇಳುವ ಹೆಣ್ಣುಮಗಳ ಮಾತು ವೇದಿಕೆಯನ್ನು ಮುಟ್ಟುವಷ್ಟರಲ್ಲಿ ಬರಿಯ ಸದ್ದಾಗಿ ಕರಗಿರುತ್ತದೆ. ಇದಕ್ಕೆ ಜನರ ಗಲಾಟೆಯನ್ನು ದೂರುವುದು ವಾಡಿಕೆ. ಕಾರಣದ ಬಹುಪಾಲು ಇರುವುದು ಗೋಡೆ, ನೆಲ, ತಾರಸಿಗಳಲ್ಲಿ. ಅದನ್ನು ಲೆಕ್ಕ ಹಾಕಿ ತೋರಿಸಬಹುದು, ಕಟ್ಟುವ ಮೊದಲೇ ತಪ್ಪಿಸಲೂಬಹುದು.

ಬಾಯಿಂದ ಹೊರಟ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಎಲ್ಲ ದಿಕ್ಕಿಗೂ ಹರಡುತ್ತದೆ. ಕೇಳುಗರ ಕಿವಿಗೆ ಮೊದಲು ನೇರವಾಗಿ ಬಂದದ್ದು ತಲುಪುತ್ತದೆ, ಅದರ ಹಿಂದೆಯೇ ಗೋಡೆ, ತಾರಸಿಗಳಿಗೆ ಬಡಿದು ಹಿಂತಿರುಗಿದ ಅಲೆಗಳು ಬರುತ್ತವೆ. ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದೊಳಗೆ ಬಂದ ಅಲೆಗಳನ್ನು ನಮ್ಮ ಮಿದುಳು ಮೂಲ ಸದ್ದಿನೊಂದಿಗೇ ಸೇರಿಸಿಕೊಳ್ಳುವುದರಿಂದ ಅವು ಮಾತಿಗೆ ಬಲ ಕೊಡುತ್ತವೆ. ಅದಕ್ಕಿಂತ ತಡವಾಗಿ ಬಂದವು ಮುಂದಿನ ಅಕ್ಷರದ ಮೇಲೆ ಬೀಳುತ್ತವೆ. ಸ್ವರಗಳು ದೀರ್ಘ, ಬಲಶಾಲಿ. ವ್ಯಂಜನಗಳು ಚಿಕ್ಕವು, ದುರ್ಬಲ. ಹಾಲು, ಸಾಲು, ಪಾಲು ಎಂಬ ಪದಗಳನ್ನು ಬೇರ್ಪಡಿಸುವುದು ಮೊದಲ ವ್ಯಂಜನ ಮಾತ್ರ. ಹಿಂದಿನ ಪದದ ಸ್ವರ ಇನ್ನೂ ಹಜಾರದಲ್ಲಿ ಗುಂಯ್‌ಗುಡುತ್ತಿದ್ದರೆ ಆ ವ್ಯಂಜನ ಮುಚ್ಚಿಹೋಗುತ್ತದೆ. ಹೀಗೆ ಸದ್ದು ಉಳಿದುಕೊಳ್ಳುವುದನ್ನು ಅನುರಣನ ಎನ್ನುತ್ತಾರೆ. ಸದ್ದಿನ ತೀವ್ರತೆ ಹತ್ತು ಲಕ್ಷದ ಒಂದು ಭಾಗಕ್ಕೆ ಇಳಿಯಲು ಬೇಕಾಗುವ ಸಮಯವೇ ಅನುರಣನ ಕಾಲ. ಮಾತಿಗೆಂದೇ ಇರುವ ಹಜಾರದಲ್ಲಿ ಅದು ಒಂದು ಸೆಕೆಂಡಿನ ಆಸುಪಾಸಿನಲ್ಲಿರಬೇಕು.

ಈ ಕಾಲವನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವಾಲೆಸ್ ಸ್ಯಾಬಿನ್. ಹೊಸದಾಗಿ ಕಟ್ಟಿದ ಉಪನ್ಯಾಸ ಕೊಠಡಿಯೊಂದರಲ್ಲಿ ಮಾತು ಅರ್ಥವಾಗದಿದ್ದಾಗ, 1895ರಲ್ಲಿ ಅದನ್ನು ಸರಿಪಡಿಸುವ ಹೊಣೆ ಅವರ ಮೇಲೆ ಬಿತ್ತು. ಬೇರೊಂದು ಸಭಾಂಗಣದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ಹೊರಿಸಿ ತಂದು, ಆರ್ಗನ್ ಎಂಬ ವಾದ್ಯದ ಕೊಳವೆಯೊಂದನ್ನು ನುಡಿಸಿ, ಸದ್ದು ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅವರು ಅಳೆದರು. ಅದರಿಂದ ಹೊರಟ ಸೂತ್ರ ತೀರ ಸರಳ: ಹಜಾರದ ಗಾತ್ರವನ್ನು ಘನ ಮೀಟರಿನಲ್ಲಿ 0.161ರಿಂದ ಗುಣಿಸಿ, ಒಟ್ಟು ಶಬ್ದಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ ಸೆಕೆಂಡುಗಳಲ್ಲಿ ಸಿಗುತ್ತದೆ. ಶಬ್ದಹೀರಿಕೆಗೆ ಸ್ಯಾಬಿನ್ ಆರಿಸಿಕೊಂಡ ಮಾನವೆಂದರೆ ತೆರೆದ ಕಿಟಕಿ. ಅದರಾಚೆ ಹೋದ ಸದ್ದು ಮರಳುವುದಿಲ್ಲ, ಆದ್ದರಿಂದ ಒಂದು ಚದರ ಮೀಟರ್ ತೆರೆದ ಕಿಟಕಿಯ ಹೀರಿಕೆ ಪೂರ್ತಿ ಒಂದು.

ಈಗ ಕಡೂರು ಅಥವಾ ಅರಸೀಕೆರೆ ಸೀಮೆಯ ಸಾಮಾನ್ಯ ಭವನವೊಂದನ್ನು ಊಹಿಸಿಕೊಳ್ಳೋಣ: 20 ಮೀಟರ್ ಉದ್ದ, 12 ಮೀಟರ್ ಅಗಲ, 5 ಮೀಟರ್ ಎತ್ತರ. ಗಾತ್ರ 1,200 ಘನ ಮೀಟರ್. ಗೋಡೆ, ನೆಲ, ತಾರಸಿ ಸೇರಿ 800 ಚದರ ಮೀಟರ್. ಗಿಲಾವು, ಟೈಲ್ಸ್, ಕಾಂಕ್ರೀಟುಗಳು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಎರಡು ಮೂರು ಪಾಲನ್ನಷ್ಟೇ ಹೀರುತ್ತವೆ. ಮೂರೆಂದೇ ಹಿಡಿದರೂ 800 ಚದರ ಮೀಟರಿಗೆ ಒಟ್ಟು ಹೀರಿಕೆ 24, ಅನುರಣನ ಕಾಲ 8 ಸೆಕೆಂಡು. ಮನುಷ್ಯರೂ ಸದ್ದನ್ನು ಹೀರುತ್ತಾರೆ, ತಲೆಗೆ ಸುಮಾರು 0.45ರಂತೆ. ಮದುವೆಗೆ ಇನ್ನೂರು ಜನ ಸೇರಿದಾಗ ಕಾಲ 1.7 ಸೆಕೆಂಡಿಗೆ ಇಳಿಯುತ್ತದೆ. ಗ್ರಾಮಸಭೆಗೆ ಅರವತ್ತು ಜನ ಬಂದರೆ ಅದು 3.8 ಸೆಕೆಂಡು. ತುಂಬಿದ ಮದುವೆಯಲ್ಲಿ ಹೇಗೋ ಸಾಗುವ ಕಟ್ಟಡ, ಮಾತೇ ಮುಖ್ಯವಾದ ಸಭೆಯ ದಿನ ಕೈಕೊಡುತ್ತದೆ. ಮೈಕಿನ ಸದ್ದು ಏರಿಸಿದರೂ ಪ್ರಯೋಜನ ಅಷ್ಟಕ್ಕಷ್ಟೇ, ಏಕೆಂದರೆ ನೇರ ಸದ್ದಿನ ಜೊತೆಯಲ್ಲಿ ಅನುರಣನವೂ ಅಷ್ಟೇ ಏರುತ್ತದೆ. ಮೈಕಿಲ್ಲದೆ ಮಾತಾಡುವವರ ನೇರ ದನಿಯನ್ನು ಅನುರಣನ ಮೀರಿಸಲು ಇಂಥ ಹಜಾರದಲ್ಲಿ ಒಂದೂವರೆ ಮೀಟರ್ ದೂರ ಸಾಕು.

ನಮ್ಮ ಹಿರಿಯರ ಪಂಚಾಯಿತಿ ನಡೆಯುತ್ತಿದ್ದ ಅರಳಿಕಟ್ಟೆಯಲ್ಲಿ ಈ ಕಷ್ಟವಿರಲಿಲ್ಲ. ಬಯಲಿನಲ್ಲಿ ಸದ್ದು ದೂರಕ್ಕೆ ಕ್ಷೀಣಿಸುತ್ತದೆಯೇ ಹೊರತು ಕಲಸಿಹೋಗುವುದಿಲ್ಲ, ಸುತ್ತ ಹತ್ತಿರ ಕುಳಿತರೆ ಕ್ಷೀಣಿಸುವುದೂ ಕಡಿಮೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ತೆರೆದ ಮಂಟಪವನ್ನು ಈ ಕಣ್ಣಿನಿಂದ ನೋಡಬೇಕು. ಅಂಚಿನಲ್ಲಿ ಒರಗಿ ಕೂರಲು ಕಕ್ಷಾಸನ, ಅದರ ಮೇಲೆ ಗೋಡೆಯಿಲ್ಲದ ತೆರವು, ಕಡೆದ ಕಂಬಗಳಲ್ಲಿ ಉಂಗುರದ ಮೇಲೆ ಉಂಗುರ, ಕಂಬಗಳ ನಡುವಿನ ಒಂದೊಂದು ಅಂಕಣದ ಮೇಲೂ ಆಳವಾಗಿ ಕೆತ್ತಿದ ಭುವನೇಶ್ವರಿ, ಅಂದರೆ ಒಳಚಾವಣಿ. ಹೊಯ್ಸಳ ಶಿಲ್ಪಿಗಳು ಇದನ್ನು ಶಬ್ದದ ಲೆಕ್ಕ ಹಾಕಿ ಮಾಡಿದರೆಂದು ನಾನು ಹೇಳುತ್ತಿಲ್ಲ. ಆದರೆ ತೆರವು ಸದ್ದನ್ನು ಹೊರಗೆ ಬಿಡುತ್ತದೆ, ಏರಿಳಿತದ ಮೈ ಅದನ್ನು ಚದುರಿಸುತ್ತದೆ ಎಂಬುದು ಭೌತವಿಜ್ಞಾನದ ಮಾತು. ಎದುರುಬದುರಾದ ನುಣುಪು ಗೋಡೆಗಳ ನಡುವೆ ಚಪ್ಪಾಳೆ ತಟ್ಟಿದಾಗ ಕೇಳುವ ಪಟಪಟ ಸದ್ದು ಅಲ್ಲಿ ಹುಟ್ಟಲು ಆಸ್ಪದವಿಲ್ಲ.

ಬಯಲುಸೀಮೆಯ ಭವನಕ್ಕೆ ಇದರ ಪಾಠ ನೇರವಾಗಿ ಅನ್ವಯಿಸುತ್ತದೆ. ಉದ್ದನೆಯ ಒಂದು ಗೋಡೆಯಲ್ಲಿ ಎರಡೂವರೆ ಮೀಟರ್ ಎತ್ತರದ ಮಡಚುವ ಬಾಗಿಲುಗಳನ್ನಿಟ್ಟು ಪೂರ್ತಿ ತೆರೆದರೆ, ಅರವತ್ತು ಜನರ ಸಭೆಯಲ್ಲೂ ಅನುರಣನ ಕಾಲ 3.8ರಿಂದ 1.9 ಸೆಕೆಂಡಿಗೆ ಇಳಿಯುತ್ತದೆ. ಗಾಳಿ ಬೆಳಕು ಬೇರೆ. ಉಳಿದದ್ದಕ್ಕೆ ತಾರಸಿಯ ಒಳಮೈ ಇದೆ. ಅರಸೀಕೆರೆಯ ಸುತ್ತ ಹೇರಳವಾಗಿ ಸಿಗುವ ತೆಂಗಿನ ನಾರನ್ನೇ ದಪ್ಪ ಹಾಸಾಗಿಸಿ, ತಾರಸಿಯಿಂದ ತುಸು ಅಂತರ ಬಿಟ್ಟು ತೂಗಿಸಬಹುದು. ನಾರಿನ ಸಂದುಗಳಲ್ಲಿ ಗಾಳಿಯ ಕಂಪನ ಉಜ್ಜಿ ಉಜ್ಜಿ ಅತ್ಯಲ್ಪ ಶಾಖವಾಗಿ ಮುಗಿಯುತ್ತದೆ. ಅಂಥ ಹಾಸು ತನ್ನ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಅರವತ್ತನ್ನು ಹೀರುತ್ತದೆಂದು ಹಿಡಿದರೆ, ತಾರಸಿಯ ಅರ್ಧ ಭಾಗಕ್ಕೆ ಅದನ್ನು ಹಾಕಿ ಬಾಗಿಲುಗಳನ್ನು ತೆರೆದಾಗ ಕಾಲ 1.1 ಸೆಕೆಂಡಿಗೆ ಬರುತ್ತದೆ. ಹೀರುವ ಭಾಗಗಳು ಒಂದೇ ಕಡೆ ಸೇರಿದ್ದರೆ ಈ ಸೂತ್ರದ ಉತ್ತರ ಕೊಂಚ ಆಚೀಚೆಯಾಗುತ್ತದೆ. ದಿಕ್ಕು ಮಾತ್ರ ತಪ್ಪುವುದಿಲ್ಲ. ನಾರಿಗೆ ಬೆಂಕಿನಿರೋಧಕ ಲೇಪನ ಕೊಡಿಸುವುದನ್ನು ಯಾವ ಕಾರಣಕ್ಕೂ ಬಿಡಬಾರದು.

ಶೃಂಗೇರಿ, ಮೂಡಿಗೆರೆ, ಸಕಲೇಶಪುರಗಳ ಕಡೆಗೆ ಇದೇ ನಕ್ಷೆಯನ್ನು ಒಯ್ದರೆ ಕೆಡುತ್ತದೆ. ಕಡೂರಿಗೆ ವರ್ಷವಿಡೀ ಬೀಳುವ ಮಳೆಗಿಂತ ಹೆಚ್ಚು ಅಲ್ಲಿ ಮಳೆಗಾಲದ ಒಂದೇ ತಿಂಗಳಲ್ಲಿ ಸುರಿಯಬಲ್ಲದು, ನಾರಿಗೆ ಬೂಷ್ಟು ಹಿಡಿಯುತ್ತದೆ, ಇರಿಚಲು ಹಜಾರದ ನಡುವಿನವರೆಗೂ ಬರುತ್ತದೆ. ಅಲ್ಲಿ ತೆರವನ್ನು ಉಳಿಸಿಕೊಳ್ಳಬೇಕಾದರೆ ಮಲೆನಾಡಿನ ಮನೆಗಳಂತೆ ಸುತ್ತಲೂ ಅಗಲವಾದ ಜಗಲಿಯೂ ತಗ್ಗಿ ಇಳಿದ ಸೂರೂ ಬೇಕು. ಅದಕ್ಕಿಂತ ದೊಡ್ಡ ಪ್ರಶ್ನೆ ಮಾಡಿನದು. ಅಗ್ಗವೆಂದು ಹೊದಿಸುವ ತೆಳು ತಗಡಿನ ಶೀಟು ಪ್ರತಿ ಹನಿಯ ಪೆಟ್ಟಿಗೂ ಅದುರುತ್ತದೆ, ಜೋರು ಮಳೆಯಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ; ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಊರಿಗೆ ಸಭಾಭವನ ಇದ್ದೂ ಇಲ್ಲದಂತೆ. ಹೆಂಚು ಭಾರವಾದದ್ದು, ರೀಪಿನ ಮೇಲೆ ಬಿಡಿಬಿಡಿಯಾಗಿ ಕೂರುವಂಥದ್ದು, ಆದ್ದರಿಂದ ಕಂಪನ ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುವುದಿಲ್ಲ. ಶೀಟೇ ಅನಿವಾರ್ಯವಾದರೆ ಅದರ ಕೆಳಮೈಗೆ ಅದುರನ್ನು ತಡೆಯುವ ಪದರವೊಂದನ್ನು ಅಂಟಿಸಿ, ಕೆಳಗೆ ಗಾಳಿಯಾಡುವ ಅಂತರ ಬಿಟ್ಟು, ಸಂದುಗಳಿರುವ ಹಲಗೆಯ ಒಳಮಾಡು ಕೊಡಬೇಕು.

ಎರಡೂ ಸೀಮೆಗಳಿಗೆ ಸಲ್ಲುವ ಮತ್ತು ಹೆಚ್ಚೇನೂ ಖರ್ಚಿಲ್ಲದ ಬದಲಾವಣೆಯೊಂದಿದೆ. ವೇದಿಕೆಯನ್ನು ಗಿಡ್ಡ ಗೋಡೆಯಿಂದ ಉದ್ದನೆಯ ಗೋಡೆಗೆ ಸರಿಸಬೇಕು. ಈಗ ಕೊನೆಯ ಸಾಲು ವೇದಿಕೆಯಿಂದ ಹದಿನಾರು ಹದಿನೇಳು ಮೀಟರ್ ದೂರವಿದ್ದರೆ, ಆಗ ಬಹುಪಾಲು ಜನ ಹತ್ತು ಮೀಟರಿನೊಳಗೆ ಅರ್ಧಚಂದ್ರಾಕಾರದಲ್ಲಿ ಕೂರುತ್ತಾರೆ, ಮಾತಾಡುವವರ ಮುಖವೂ ಒಬ್ಬರಿಗೊಬ್ಬರಿಗೆ ಕಾಣುತ್ತದೆ. ಇದನ್ನು ಅಡಿಪಾಯ ತೋಡುವ ಮೊದಲು, ಅಂದಾಜುಪಟ್ಟಿ ಗ್ರಾಮ ಪಂಚಾಯಿತಿಯ ಮುಂದಿರುವಾಗಲೇ ಕೇಳಿ ಬರೆಸಿಕೊಳ್ಳಬೇಕು, ಏಕೆಂದರೆ ಬಾಗಿಲು, ಅಡುಗೆಮನೆ, ಶೌಚಾಲಯಗಳ ಜಾಗವೆಲ್ಲ ವೇದಿಕೆಯ ಜಾಗವನ್ನು ನೋಡಿಕೊಂಡೇ ತೀರ್ಮಾನವಾಗುತ್ತದೆ.