ವರ್ಷಗಟ್ಟಲೆ ನಿಂತ ಪದ್ಮಿನಿಯನ್ನು ದಬ್ಬಿ ಸ್ಟಾರ್ಟ್ ಮಾಡಬಹುದಾ?

ಪ್ರಶ್ನೆ: ನಮ್ಮ ಮುತ್ಯಾನ ಪದ್ಮಿನಿ ಕಾರು ಹತ್ತು-ಹನ್ನೆರಡು ವರ್ಷದಿಂದ ಶೆಡ್ಡಿನಲ್ಲೇ ನಿಂತಿದೆ. ಹೊಸ ಬ್ಯಾಟರಿ ಹಾಕಿ, ಪೆಟ್ರೋಲ್ ತುಂಬಿಸಿ, ಸೆಕೆಂಡ್ ಗೇರಿನಲ್ಲಿ ದಬ್ಬಿದರೆ ಸ್ಟಾರ್ಟ್ ಆಗುತ್ತದಾ? ಆಗದಿದ್ದರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆಯಬಹುದಾ? ಉಳಿದ ಕೆಲಸ ಆಮೇಲೆ ಮನೆಯಲ್ಲೇ ಮಾಡಿಕೊಳ್ಳುತ್ತೇವೆ.

ಬೇಡ. ದಬ್ಬಲೂ ಬೇಡಿ, ಎಳೆಯಲೂ ಬೇಡಿ. ಕೇಳುವವರು ಆಳಂದದವರಿರಲಿ, ಚಿತ್ತಾಪುರದವರಿರಲಿ, ಗಾಡಿ ಪದ್ಮಿನಿ ಇರಲಿ, ಅಂಬಾಸಡರ್ ಇರಲಿ, ಪ್ರಶ್ನೆ ಮಾತ್ರ ಇದೇ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಈ ಸಲ ಕಾರಣ ಸಮೇತ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಈ ನಂಬಿಕೆ ಎಲ್ಲಿಂದ ಬಂತು ಅಂತ ಗೊತ್ತು. ಬ್ಯಾಟರಿ ಇಳಿದ ಗಾಡಿಯನ್ನು ನಾಲ್ಕು ಜನ ದಬ್ಬಿ ಸ್ಟಾರ್ಟ್ ಮಾಡುವುದನ್ನು ಎಲ್ಲರೂ ನೋಡಿದ್ದೇವೆ. ಆದರೆ ಅದು ನಿನ್ನೆ ಓಡಿದ ಗಾಡಿ ಅಲ್ವಾ? ಅದರ ಸಿಲಿಂಡರ್ ಗೋಡೆಗೆ ಆಯಿಲ್ ಇನ್ನೂ ಹತ್ತಿರುತ್ತದೆ. ಬೇರಿಂಗಿನಲ್ಲೂ ಪಸೆ ಇರುತ್ತದೆ. ಕೈಕೊಟ್ಟದ್ದು ಬ್ಯಾಟರಿ ಒಂದೇ. ನಿಮ್ಮ ಗಾಡಿಯ ಕಥೆ ಬೇರೆ. ಇಷ್ಟು ವರ್ಷದಲ್ಲಿ ಆಯಿಲ್ ಎಲ್ಲಾ ಇಳಿದು ಎಂಜಿನ್ ತಳದ ಆಯಿಲ್ ತೊಟ್ಟಿ (ಸಂಪ್) ಸೇರಿದೆ. ಹತ್ತಾರು ಮಳೆಗಾಲದ ತೇವ ಒಳಗೆ ಹೋಗಿದೆ. ಪಿಸ್ಟನ್ ರಿಂಗು ಸಿಲಿಂಡರಿಗೆ ತುಕ್ಕಿನಿಂದ ಕಚ್ಚಿಕೊಂಡಿರಬಹುದು. ವಾಲ್ವು ತಾನು ಜಾರುವ ಕೊಳವೆಯಲ್ಲೇ (ಗೈಡ್) ಹಿಡಿದಿರಬಹುದು.

ಇಲ್ಲೊಂದು ವಿಷಯ ಗಮನಿಸಿ. ಎಂಜಿನ್ ಜಾಮ್ ಆಗಿದ್ದರೆ ಸ್ಟಾರ್ಟರ್ ಮೋಟರ್ ಒಮ್ಮೆ 'ಟಕ್' ಅಂದು ನಿಲ್ಲುತ್ತದೆ. ಅದಕ್ಕಿಂತ ಜಾಸ್ತಿ ಬಲ ಅದಕ್ಕಿಲ್ಲ, ಹಾಗಾಗಿ ಎಂಜಿನ್ ಉಳಿಯುತ್ತದೆ. ಟ್ರ್ಯಾಕ್ಟರಿಗೆ ಆ ಮಿತಿ ಇಲ್ಲ. ಗೇರಿನಲ್ಲಿಟ್ಟು ಎಳೆದಾಗ ಚಕ್ರ ಎಂಜಿನ್ನನ್ನು ಬಲವಂತವಾಗಿ ತಿರುಗಿಸುತ್ತದೆ. ಕಚ್ಚಿಕೊಂಡ ರಿಂಗು ಮುರಿಯುತ್ತದೆ. ಹಿಡಿದ ವಾಲ್ವನ್ನು ಒತ್ತಲು ಹೋಗಿ ಅದನ್ನು ತಳ್ಳುವ ಕಡ್ಡಿ (ಪುಶ್‌ರಾಡ್) ಬಗ್ಗುತ್ತದೆ. ಬರೀ ಎರಡು ಚಮಚ ಎಣ್ಣೆಯಲ್ಲಿ ಬಿಡಬಹುದಾಗಿದ್ದ ಎಂಜಿನ್ ಕೊನೆಗೆ ಬೋರಿಂಗಿಗೆ, ಅಂದರೆ ಸಿಲಿಂಡರ್ ಕೊರೆಸಲು, ಹೋಗುತ್ತದೆ.

'ಎಳೆದೆವು, ಸ್ಟಾರ್ಟ್ ಆಯ್ತು, ಏನೂ ಆಗಲಿಲ್ಲ' ಅನ್ನುವವರಿಗೂ ಉತ್ತರ ಇದೆ. ಸ್ಟಾರ್ಟ್ ಆದ ಕ್ಷಣ ಆಯಿಲ್ ಪಂಪು ಒಣಗಿರುತ್ತದೆ. ಆಯಿಲ್ ಮೇಲೇರುವ ತನಕ ಬೇರಿಂಗು ಲೋಹಕ್ಕೆ ಲೋಹ ಉಜ್ಜಿಕೊಂಡು ತಿರುಗುತ್ತದೆ. ಟ್ಯಾಂಕಿನ ತಳದ ತುಕ್ಕು ಪೈಪಿಗೆ ಬರುತ್ತದೆ. ಹಳೇ ಪೆಟ್ರೋಲ್ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಕಾರ್ಬುರೇಟರಿನ ಸಣ್ಣ ರಂಧ್ರ (ಜೆಟ್) ಮುಚ್ಚಿರುತ್ತದೆ. ಎಲ್ಲಕ್ಕಿಂತ ದೊಡ್ಡದು, ಗಾಡಿ ಈಗ ಚಲಿಸುತ್ತಿದೆ, ಬ್ರೇಕ್ ಇಲ್ಲ. ಮುಂದೆ ಟ್ರ್ಯಾಕ್ಟರ್, ಪಕ್ಕದಲ್ಲಿ ದಬ್ಬುತ್ತಿರುವ ಹುಡುಗರು.

ಹಾಗಾದರೆ ಶುರು ಎಲ್ಲಿಂದ? ಬ್ರೇಕಿನಿಂದ. ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಡ್ರಮ್ ಬಿಚ್ಚಿ, ಒಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನ ತುದಿಯ ರಬ್ಬರ್ ಟೊಪ್ಪಿ ಮೆಲ್ಲಗೆ ಎತ್ತಿ ನೋಡಿ. ಒಳಗೆ ಕಂದು ನೀರು ಅಥವಾ ತುಕ್ಕಿನ ಪುಡಿ ಕಂಡರೆ ಸಿಲಿಂಡರ್ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಹಾಗಾಗಿ ಹಳೆಯದನ್ನು ಪೂರ್ತಿ ತೆಗೆಯಲೇಬೇಕು. ಹಳೇ ಮಾಡೆಲ್‌ಗಳಲ್ಲಿ ನಾಲ್ಕೂ ಚಕ್ರಕ್ಕೆ ಆಯಿಲ್ ಹೋಗುವುದು ಒಂದೇ ಲೈನಿನಿಂದ. ಒಂದು ಕಡೆ ಸೋರಿದರೆ ನಾಲ್ಕೂ ಬ್ರೇಕ್ ಹೋದ ಹಾಗೆ. ಡ್ರಮ್ಮಿನ ಧೂಳನ್ನು ಬಾಯಿಂದಲೂ ಕಂಪ್ರೆಸರಿನಿಂದಲೂ ಊದಬೇಡಿ. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಆಮೇಲೆ ಎಂಜಿನ್. ಹಳೇ ಆಯಿಲ್ ಇಳಿಸಿ ಹೊಸದು ಹಾಕಿ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ರಂಧ್ರಕ್ಕೆ ಎರಡೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು-ಮೂರು ದಿನ ಹಾಗೇ ಬಿಡಿ. ಮುಂದಿನ ಚಕ್ರಗಳ ಎರಡೂ ಕಡೆ ಶಹಾಬಾದ್ ಕಲ್ಲಿನ ತುಂಡು ಇಡಿ. ಒಂದು ಹಿಂದಿನ ಚಕ್ರವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡ್ ಕೊಡಿ. ಟಾಪ್ ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಆ ಚಕ್ರವನ್ನು ಕೈಯಿಂದ ತಿರುಗಿಸಿ. ಎಂಜಿನ್ ತಿರುಗುವುದು ಕೈಗೇ ಗೊತ್ತಾಗುತ್ತದೆ. ಎಲ್ಲಾದರೂ ಗಟ್ಟಿಯಾಗಿ ನಿಂತರೆ ಜಗ್ಗಾಡಬೇಡಿ, ಇನ್ನಷ್ಟು ಎಣ್ಣೆ ಬಿಟ್ಟು ಕಾಯಿರಿ.

ಸಲೀಸಾಗಿ ತಿರುಗಿದ ಮೇಲೆ ಚಕ್ರ ಕೆಳಗಿಳಿಸಿ, ನ್ಯೂಟ್ರಲ್ ಮಾಡಿ. ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್‌ನ ವೈರ್ ತೆಗೆದಿಟ್ಟು, ಪ್ಲಗ್ ಇಲ್ಲದೆಯೇ ಸ್ವಲ್ಪ ಸ್ವಲ್ಪ ಹೊತ್ತು ಸ್ಟಾರ್ಟರ್ ಹೊಡೆಯಿರಿ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ನೋಡುತ್ತಿರಿ. ಅದು ಆರಿತು ಅಂದರೆ ಆಯಿಲ್ ಮೇಲೇರಿದೆ. ಪ್ಲಗ್ ಹಾಕುವುದು ಆಗ, ಅದಕ್ಕೂ ಮೊದಲಲ್ಲ. ಈ ದೀಪ ಆರುವುದನ್ನು ಕಾಯುವ ತಾಳ್ಮೆ ಇರುವವರ ಎಂಜಿನ್ ಹಾಳಾದದ್ದನ್ನು ನಾನು ನೋಡಿಲ್ಲ.

ಟ್ಯಾಂಕ್ ಇಳಿಸಿ ತೊಳೆಯಿರಿ. ಪೆಟ್ರೋಲಿನ ರಬ್ಬರ್ ಪೈಪು ಎಲ್ಲಾ ಹೊಸದಾಗಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇರುತ್ತದೆ, ಹಳೇ ರಬ್ಬರ್ ಅದಕ್ಕೆ ತಡೆಯುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2309 ಅಂದರೆ 2009ರ 23ನೇ ವಾರ. ಅಂಥ ಟೈರ್ ಎಷ್ಟೇ ದಪ್ಪ ಇದ್ದರೂ ತೆಗೆದುಹಾಕಿ. ಸ್ಪೇರ್ ಸಿಗುವುದಿಲ್ಲ ಅಂತ ಹೆದರಬೇಡಿ. ಪದ್ಮಿನಿಗಳು ಮುಂಬೈಯಲ್ಲಿ 2023ರವರೆಗೂ ಟ್ಯಾಕ್ಸಿಯಾಗಿ ಓಡಿವೆ.

ಆರ್‌ಸಿ ವಿಷಯ ಚುಟುಕಾಗಿ. 15 ವರ್ಷ ಆದ ಕೂಡಲೇ ಗುಜರಿ ಎಂಬುದು ದೆಹಲಿ ಕಡೆಯ ಮಾತು, ನಮ್ಮ ಕಲಬುರಗಿಯ ಕೆಎ 32ಕ್ಕೆ ತರಬೇಡಿ. ಇಲ್ಲಿ ಫಿಟ್ನೆಸ್ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ ಆಗುತ್ತದೆ. 2021ರ ವಿಂಟೇಜ್ ನಿಯಮ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ. ಅದರಡಿ ನೋಂದಾಯಿಸಿದರೆ ದಿನನಿತ್ಯ ಓಡಿಸುವಂತಿಲ್ಲ, ಆದ್ದರಿಂದ ಯೋಚಿಸಿ ಅರ್ಜಿ ಹಾಕಿ.

ಇನ್ನು ನೀವು ಕೇಳದ ಒಂದು ಪ್ರಶ್ನೆ. ಏಪ್ರಿಲ್ ಬಂದರೆ ನೀವೇ ಕೇಳುತ್ತೀರಿ: 'ಬೆಳಿಗ್ಗೆ ಚೆನ್ನಾಗಿ ಓಡಿತು, ಮಧ್ಯಾಹ್ನ ಹುಮನಾಬಾದ್ ರೋಡಿನಲ್ಲಿ ನಿಂತೇಬಿಟ್ಟಿತು, ಎಂಜಿನ್ ಕೆಟ್ಟಿತಾ?' ಬಹಳ ಸಲ ಕೆಟ್ಟಿರುವುದಿಲ್ಲ. ಪದ್ಮಿನಿಯ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ನಮ್ಮ 42 ಡಿಗ್ರಿ ಬಿಸಿಲಿಗೆ ಎಂಜಿನ್ನಿನ ಕಾವೂ ಸೇರಿ ಪಂಪಿನೊಳಗಿನ ಪೆಟ್ರೋಲ್ ಆವಿಯಾಗುತ್ತದೆ. ಆವಿಯನ್ನು ಪಂಪು ಎಳೆಯಲಾರದು. ಬಾನೆಟ್ ಎತ್ತಿ, ಪಂಪಿನ ಮೇಲೆ ಮಾತ್ರ ಒದ್ದೆ ಬಟ್ಟೆ ಹಾಕಿ. ಐದು-ಹತ್ತು ನಿಮಿಷದಲ್ಲಿ ಸ್ಟಾರ್ಟ್ ಆಗದಿದ್ದರೆ ಸ್ಪಾರ್ಕ್ ನೋಡಿ, ಕಾದ ಕಾಯಿಲ್ ಕೂಡ ಹೀಗೇ ಕೈಕೊಡುತ್ತದೆ.

ಪದೇ ಪದೇ ನಿಲ್ಲುತ್ತಿದ್ದರೆ ಪಂಪು ಬಿಚ್ಚಿ, ಅದಕ್ಕೂ ಎಂಜಿನ್ನಿಗೂ ನಡುವೆ ಕಾವು ತಡೆಯುವ ದಪ್ಪ ಫೈಬರ್ ಪ್ಯಾಕಿಂಗ್ ಇದೆಯಾ ನೋಡಿ. ಅದು ಒಡೆದಾಗ ಸುಮ್ನೆ ತೆಳ್ಳನೆಯ ಕಾಗದದ ಪ್ಯಾಕಿಂಗ್ ಹಾಕಿ ಮುಚ್ಚಿದ ಗಾಡಿಗಳು ಜಾಸ್ತಿ. ಸರಿಯಾದ ದಪ್ಪದ್ದನ್ನೇ ಹುಡುಕಿ ಹಾಕಿ. ಜೊತೆಗೆ ಪೆಟ್ರೋಲ್ ಪೈಪನ್ನು ಸೈಲೆನ್ಸರ್ ಮ್ಯಾನಿಫೋಲ್ಡಿನಿಂದ ದೂರ ಸರಿಸಿ ಕಟ್ಟಿ.